ಬೂದಿ ಉಳಿಸದ ಕಾಗದ

ಅತ್ತಿಗೆ ಜಾರಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅಣ್ಣನ ಮನೆಯ ಒಲೆ, ಬಟ್ಟೆ, ಔಷಧಿ ಎಲ್ಲ ನನ್ನ ಪಾಲಿಗೆ ಬಂದವು. ಅಣ್ಣನ ಪಾಲಿಗೆ ಮೊದಲಿನಂತೆಯೇ ಕಾಗದ.

ಅವನು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಊರಿನವರು ಜಮೀನು ಮಾಡಿದರೆ ಅವನು ಕವಿತೆ ಪುಸ್ತಕಗಳ ಮೊದಲ ಮುದ್ರಣಗಳನ್ನು ಕೂಡಿಹಾಕಿಕೊಂಡ. ಹಾಳೆ ಕತ್ತರಿಸದ ಪ್ರತಿಗಳು, ಕವಿಯ ಹೆಸರೇ ತಪ್ಪಾಗಿ ಅಚ್ಚಾದ ಪ್ರತಿಗಳು. ಅವುಗಳ ಜೊತೆಗೆ, ಒಂದು ಕಾಲದಲ್ಲಿ ಗೋದಾಮುಗಳಲ್ಲೂ ಬಸ್ ನಿಲ್ದಾಣಗಳಲ್ಲೂ ವಿಚಿತ್ರ ಪ್ರದರ್ಶನ ಕೊಡುತ್ತಿದ್ದ ಒಂದು ತಂಡದ ಚೂರುಪಾರು. ಉಪ್ಪುಕಾಗದದ ಮೇಲೆ ಅಚ್ಚು ಹಾಕಿದ ಆಮಂತ್ರಣ, ಬೆಂಕಿಪೊಟ್ಟಣದ ಮೇಲಿನ ಎರಡು ಸಾಲಿನ ಪದ್ಯ, ಯಾರೋ ನಟ ವೇದಿಕೆಯ ಮೇಲೆ ಹರಿದುಕೊಂಡ ಅಂಗಿಯ ಒಂದು ತೋಳು. "ಇನ್ನೊಂದು ತೋಳು ಸಿಕ್ಕಿದರೆ ನಿಮ್ಮ ಅಣ್ಣನಿಗೆ ಮೋಕ್ಷ" ಎಂದು ಅತ್ತಿಗೆ ನಗುತ್ತಿದ್ದರು.

ನನಗೆ ಆ ಪದ್ಯಗಳು ಹಿಡಿಸುತ್ತಿರಲಿಲ್ಲ. ನಾವು ಅಪ್ಪನ ಬಾಯಲ್ಲಿ ಪದ್ಯ ಕೇಳಿ ಬೆಳೆದವರು. ದಿನವೂ ಮುಸ್ಸಂಜೆಗೆ ಅಪ್ಪ ರಾಗವಾಗಿ ಓದುತ್ತಿದ್ದರು, ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಒಮ್ಮೆ ಕೂತ ಮೇಲೆ ಪದ್ಯ ಮುಗಿಯುವ ತನಕ ಏಳುವಂತಿಲ್ಲ; ಕೇಳುವುದೂ ಪೂಜೆಯೇ, ಅರ್ಧಕ್ಕೆ ಎದ್ದರೆ ದೇವರನ್ನು ಹೊಸಿಲಲ್ಲಿ ನಿಲ್ಲಿಸಿ ಬಂದಂತೆ ಎನ್ನುತ್ತಿದ್ದರು. ನಾನು ದೇವರನ್ನು ಇಟ್ಟುಕೊಂಡೆ, ಅಣ್ಣ ಪದ್ಯವನ್ನು ಇಟ್ಟುಕೊಂಡ. ಆ ಕಟ್ಟಳೆ ಮಾತ್ರ ಇಬ್ಬರಿಗೂ ಉಳಿಯಿತು.

ಆ ಬೇಸಿಗೆಯ ಮಧ್ಯಾಹ್ನ ಮನೆಗೆ ಒಬ್ಬ ಮುದುಕರು ಬಂದರು. ಆ ತಂಡದಲ್ಲಿ ಹೊಗೆ, ಬೆಳಕು, ಬೆಂಕಿಯ ಕೆಲಸ ನೋಡಿಕೊಳ್ಳುತ್ತಿದ್ದ ಜಾದೂಗಾರರಂತೆ. ತಂಡದವರು 'ಕಿಡಿ' ಎಂದು ಕರೆಯುತ್ತಿದ್ದರಂತೆ. ಎಲ್ಲೋ ವಿಳಾಸ ಹಿಡಿದು ಅಣ್ಣನೇ ಕರೆಸಿದ್ದ. ಅವನ ಸಂಗ್ರಹದ ಕಿರೀಟವೆನಿಸಿದ ಪುಸ್ತಕವನ್ನು ಅವರು ಕಣ್ಣಾರೆ ನೋಡಿ ಅಸಲಿ ಹೌದು ಅನ್ನಬೇಕಿತ್ತು.

"ನಿಮ್ಮ ತಂಡದ ಕವಿಗಳ ಕೊನೇ ಪುಸ್ತಕ ಸಾರ್. ರದ್ದಿ ಅಂಗಡೀಲಿ ಸಿಕ್ತು. ಲೋಕದಲ್ಲಿ ಇದೊಂದೇ ಪ್ರತಿ" ಎಂದ ಅಣ್ಣ. ಸಭೆಯಲ್ಲಿ ಮಗನನ್ನು ಪರಿಚಯಿಸುವವನ ಗತ್ತು ದನಿಯಲ್ಲಿತ್ತು.

"ಅದು ಉಳಿದಿರೋಕೆ ಸಾಧ್ಯವೇ ಇಲ್ಲ. ಒಂದೊಂದು ಪ್ರದರ್ಶನಕ್ಕೂ ಒಂದೊಂದು ಪ್ರತಿ ಸುಡ್ತಿದ್ವಿ" ಎಂದರು ಕಿಡಿ.

"ಕೊನೇ ಪ್ರದರ್ಶನಕ್ಕೆ ಜನ ಬಂದಿರಲಿಲ್ಲವಂತಲ್ಲ. ಆವತ್ತು ಸುಡದೆ ಉಳಿದ ಪ್ರತಿ ಇದು."

ಕಿಡಿ ನಕ್ಕರು. "ಅದು ಸತ್ಯ. ನಾನು, ಕವಿ, ಬಾಗಿಲು ಕಾಯೋನು. ಅವನೂ ನಿದ್ದೆ ಮಾಡಿದ."

ಅಣ್ಣ ಪುಸ್ತಕದ ಕೋಣೆಯ ಕಬ್ಬಿಣದ ಬೀರು ತೆಗೆದ. ಆ ಕೋಣೆಗೆ ಮಧ್ಯಾಹ್ನದ ನಂತರ ನೇರ ಬಿಸಿಲು. ಬೀರುವಿನ ಬಾಗಿಲಿಗೆ ಕೈಯಿಟ್ಟರೆ ಚುರ್ ಎನ್ನುತ್ತಿತ್ತು. ಒಳಗಿಂದ ಒಂದು ತಗಡಿನ ಡಬ್ಬಿ ತೆಗೆದು, ಮುಚ್ಚಳದ ಸುತ್ತ ಮೆತ್ತಿದ್ದ ಮೇಣವನ್ನು ಉಗುರಿನಿಂದ ಬಿಡಿಸಿ, ತೊಡೆಯ ಮೇಲಿಟ್ಟುಕೊಂಡು ಕೂತ. ಒಳಗೆ ತೇವ ಹೀರುವ ಪುಡಿಯ ಪೊಟ್ಟಣಗಳು, ಅವುಗಳ ನಡುವೆ ತೆಳುವಾದ ಪುಸ್ತಕ. ಹುಳಿ ಹುಳಿಯಾದ, ಮೂಗಿನೊಳಗೆ ಚುಚ್ಚುವ ವಾಸನೆ ಕೋಣೆಗೆ ಬಂತು.

ಕಿಡಿಯ ನಗು ನಿಂತಿತು. ಬಗ್ಗಿ ನೋಡಿದವರು ಮೆಲ್ಲಗೆ ಹಿಂದಕ್ಕೆ ಸರಿದರು.

"ಸಾರ್, ಅಲ್ಲಾಡಬೇಡಿ."

"ಯಾಕೆ?"

"ಇದನ್ನ ಒಣಗಿಸಿ ಇಟ್ಟಿದ್ದೀರಾ?"

"ಮತ್ತೆ? ಕಾಗದಕ್ಕೆ ನೀರೇ ಯಮ ಅಲ್ವಾ? ಒಂದು ಹನಿ ತೇವ ತಾಗಿಸಿಲ್ಲ."

"ಇದು ಕಾಗದ ಅಲ್ಲ ಸಾರ್. ಮಿಂಚುಕಾಗದ ಅಂತೀವಿ. ಹತ್ತಿ ಹಾಳೇನ ಆಸಿಡ್‌ನಲ್ಲಿ ಅದ್ದಿ ನಾನೇ ಮಾಡಿದ್ದು. ಒದ್ದೆಯಾಗಿದ್ರೆ ಹಸು, ಒಣಗಿದ್ರೆ ಹುಲಿ. ಹಳೇದಾದಷ್ಟೂ ಕೊಳೀತದೆ, ಅಂಚು ನೋಡಿ, ಕಂದು ಬಣ್ಣಕ್ಕೆ ತಿರುಗಿ ಬೆವರ್ತಿದೆ. ಇನ್ನು ಇದಕ್ಕೆ ಕಡ್ಡಿ ಗೀರೋದೇ ಬೇಡ. ಈ ಸೆಖೆ ಸಾಕು."

ಅಣ್ಣನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಕಿಡಿ ಡಬ್ಬಿಯ ಅಂಚಿಗೆ ಉದುರಿದ್ದ ಒಂದು ಚಕ್ಕೆಯನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋದೆ. ಚಕ್ಕೆಯನ್ನು ಬಿಸಿಲು ಕಾಯ್ದ ಕಲ್ಲಿನ ಮೇಲೆ ಒಣಗಲು ಬಿಟ್ಟು ದೂರ ನಿಂತರು. ಕಿಟಕಿಯಿಂದ ಅಣ್ಣನೂ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಯಾರೂ ಮುಟ್ಟದೆಯೇ ಭಗ್ಗೆಂದು ಒಂದು ಬಿಳಿ ನಾಲಿಗೆ ಎದ್ದು ಹೋಯಿತು. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೇಲೆ ಬೂದಿಯೂ ಇರಲಿಲ್ಲ.

ನಾನು ತಿರುಗಿ ಮನೆಯ ಗೋಡೆ ನೋಡಿದೆ. ಆ ಬೀರು ಒರಗಿದ್ದ ಗೋಡೆಯ ಆಚೆಗೇ ಅತ್ತಿಗೆಯ ಮಂಚ. ಕಾಲಿಗೆ ಸೊಂಟದವರೆಗೆ ಪ್ಲಾಸ್ಟರ್. ಅವರನ್ನು ಎತ್ತಲು ಇಬ್ಬರು ಗಟ್ಟಿ ಆಳು ಬೇಕು; ಕಿಡಿಗೆ ಬೆನ್ನು ಬಾಗಿತ್ತು. ಎತ್ತಿದರೂ ಹೊರಗೆ ಬರಲು ಪುಸ್ತಕದ ಕೋಣೆಯ ಬಾಗಿಲ ಮುಂದೆಯೇ ದಾರಿ.

"ಬಕೆಟ್ಟಲ್ಲಿ ನೀರು ತನ್ನಿ ತಾಯಿ. ಮುಳುಗಿಸಿಬಿಡೋಣ" ಎಂದರು ಕಿಡಿ.

ನೀರು ತಂದೆ. ಅಣ್ಣ ಎರಡೂ ಕೈಯಿಂದ ಡಬ್ಬಿಯನ್ನು ತಬ್ಬಿದ.

"ಮುಳುಗಿಸಿದರೆ ಅಕ್ಷರ ಉಳಿಯುತ್ತಾ?"

"ಇಲ್ಲ ಸಾರ್. ಇದಕ್ಕೆ ಮಸಿಯೇ ಹಾಕಿಲ್ಲವಲ್ಲ. ಬರೀ ಒತ್ತಚ್ಚು. ನೀರು ಬಿದ್ದರೆ ಹಾಳೆ ಉಬ್ಬಿ ಒತ್ತು ಅಳಿಸಿಹೋಗ್ತದೆ."

"ನಾನಿನ್ನೂ ಓದಿಲ್ಲ" ಎಂದ ಅಣ್ಣ.

ನಾನು ಬಕೆಟ್ಟು ಕೆಳಗಿಟ್ಟೆ. ಆಮೇಲೆ ತಿಳಿಯಿತು. ಹಾಳೆ ಸವೆಯುತ್ತದೆ ಎಂಬ ಹೆದರಿಕೆಗೆ ಅವನು ಅದನ್ನು ತೆರೆದೇ ಇರಲಿಲ್ಲ. ರಕ್ಷಾಪುಟದ ಫೋಟೋ ತೆಗೆಯಲು ಹೋದರೂ ಬರೀ ಬಿಳುಪು ಬಂದಿತ್ತು. ಈಗ ಕಣ್ಣಿಗೆ ಪೊರೆ ಬೇರೆ.

"ಅಣ್ಣಾ, ಎದ್ದೇಳು. ಅತ್ತಿಗೆ ಅಲ್ಲಿದ್ದಾರೆ. ಮೊದಲು ಅವರನ್ನ ಹೊರಗೆ ಕರ್ಕೊಂಡು ಹೋಗೋಣ."

"ನಾನು ಏಳೋದಕ್ಕೂ ಈ ಮನುಷ್ಯ ಇದನ್ನ ನೀರಿಗೆ ಹಾಕೋದಕ್ಕೂ ಸರಿಹೋಗುತ್ತೆ. ಒಂದು ಸಲ ಕೇಳಿಸು ಪುಟ್ಟಿ. ನಿನ್ನ ಕಣ್ಣು ಚೆನ್ನಾಗಿದೆ. ಮುಗಿದ ತಕ್ಷಣ ಏಳ್ತೀನಿ. ಅಪ್ಪನಾಣೆ."

ಕಿತ್ತುಕೊಳ್ಳೋಣವೆಂದರೆ ಕಿಡಿ ಕಣ್ಣಲ್ಲೇ ಬೇಡವೆಂದರು. ಕೈ ತಪ್ಪಿದರೆ, ತಗಡಿಗೆ ತಿಕ್ಕಿದರೆ, ಮುಗಿಯಿತು. ಡಬ್ಬಿ ಅಣ್ಣನ ತೊಡೆಯ ಮೇಲೆಯೇ ಇತ್ತು. ಕಿಡಿ ನನ್ನ ಕೈ, ತೋಳು, ಸೆರಗಿಗೆಲ್ಲ ನೀರು ಹಾಕಿ ತೋಯಿಸಿ, ಬೆರಳ ತುದಿ ಮಾತ್ರ ಒರೆಸಿದರು. ಬಕೆಟ್ಟು ಹಿಡಿದು ಪಕ್ಕದಲ್ಲೇ ಕೂತರು.

ಗೋಡೆಯಾಚೆಯಿಂದ ಅತ್ತಿಗೆ ಕೂಗಿದರು. "ಏನ್ರೀ ಅದು, ಪಿಸಪಿಸ? ನನಗೆ ಗೊತ್ತಾಗದ ಹಾಗೆ ಇನ್ನೊಂದು ತೋಳು ತರಿಸಿದ್ರಾ?"

"ಪುಟ್ಟಿ ಪದ್ಯ ಓದ್ತಾಳೆ ಕಣೇ" ಎಂದ ಅಣ್ಣ. ಅವನ ದನಿ ಸಹಜವಾಗಿಯೇ ಇದ್ದದ್ದು ನನ್ನನ್ನು ಇನ್ನಷ್ಟು ಹೆದರಿಸಿತು.

"ಪುಟ್ಟಿಯಾ? ಅವಳು ಬಾಯಿ ಬಿಡೋದೇ ಆಕಳಿಕೆಗೆ. ಜೋರಾಗಿ ಓದು ಕಣೇ, ನನಗೂ ಕೇಳಲಿ. ಹೊತ್ತೇ ಹೋಗ್ತಿಲ್ಲ."

ಜೀವನವಿಡೀ ಕೇಳಿದವಳು ನಾನು. ಯಾರ ಮುಂದೆಯೂ ಒಂದು ಪದ್ಯ ಓದಿದವಳಲ್ಲ. ಮನಸ್ಸಿನಲ್ಲಿ ದೇವರನ್ನು ಕೂಗಿ ರಕ್ಷಾಪುಟ ತಿರುವಿದೆ. ಹಾಳೆ ಒಣ ಈರುಳ್ಳಿ ಸಿಪ್ಪೆಯಂತೆ ಚರಚರ ಅಂದಿತು. ಕತ್ತು ಓರೆ ಮಾಡಿ, ಕಿಟಕಿಯ ಬೆಳಕಿಗೆ ಕಣ್ಣು ಕೊಟ್ಟರೆ ಮಾತ್ರ ಅಕ್ಷರದ ಗುಳಿಗಳು ಏಳುತ್ತಿದ್ದವು. ಓದಿದೆ:

*ಬಾಗಿಲು ಎನ್ನುವ ಮಾತನ್ನು ತೆಗೆದುಹಾಕಿದೆ.*
*ಈಗ ಗೋಡೆ ಒಳಗೆ ಬರುತ್ತಿದೆ.*

ಅಷ್ಟೇ ಇತ್ತು. "ಆಹಾ" ಎಂದ ಅಣ್ಣ. ಕಿಡಿ ಕಣ್ಣು ಮುಚ್ಚಿಕೊಂಡರು. ನನ್ನ ಬೆನ್ನ ಹಿಂದಿನ ಗೋಡೆ ನಿಜವಾಗಿಯೂ ಒಂದು ಗೇಣು ಹತ್ತಿರ ಬಂದಂತಾಯಿತು.

ಎರಡನೆಯ ಹಾಳೆಯ ಮೂಲೆ ಜಿಗುಟಾಗಿತ್ತು. ಬಿಡಿಸುವಾಗ ಉಸಿರು ಬಿಡಲೂ ಭಯ.

*ಓದುವವನೇ, ನಿನ್ನ ಬೆರಳು ಬಿಸಿಯಾಗಿದೆ.*
*ನಾನು ನಿನ್ನನ್ನು ಓದಿ ಮುಗಿಸುವ ತನಕ*
*ಹಿಡಿದಿರು.*

ನನ್ನ ಬೆರಳು ನಿಜವಾಗಿಯೂ ಬಿಸಿಯಾಗಿತ್ತು. ಅದು ನನ್ನ ಬಿಸಿಯೋ ಹಾಳೆಯ ಬಿಸಿಯೋ ತಿಳಿಯಲಿಲ್ಲ. ಬೆವರಿನ ಹನಿ ಗಲ್ಲದಿಂದ ಇಳಿಯುತ್ತಿತ್ತು; ಅದು ಹಾಳೆಯ ಮೇಲೆ ಬಿದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ತಿಳಿಯಲಿಲ್ಲ.

"ಇದೇನೇ ಇದು, ಪದ್ಯವೋ ಬೆದರಿಕೆಯೋ?" ಎಂದರು ಅತ್ತಿಗೆ ಆಚೆಯಿಂದ. "ದುಡ್ಡು ಕೊಟ್ಟು ಬೈಸಿಕೊಳ್ಳೋ ಜನ."

ಮುಂದಿನ ಹಾಳೆಗಳು ಒಂದಕ್ಕೊಂದು ಅಂಟಿ ಒಂದೇ ಹಲಗೆಯಾಗಿದ್ದವು. ಮೇಲಿನದರಲ್ಲಿ ಗುಳಿಗಳಿರಲಿಲ್ಲ, ಕಂದು ಕಲೆ ಎಲ್ಲವನ್ನೂ ನುಂಗಿತ್ತು. ವಾಸನೆ ಗಂಟಲಿಗೆ ಇಳಿಯಿತು. ಕಿಟಕಿಯ ಬಿಸಿಲು ನೆಲ ಬಿಟ್ಟು ಅಣ್ಣನ ಕಾಲಿಗೇರಿ, ಡಬ್ಬಿಯ ಅಂಚಿನ ಕಡೆಗೆ ಬರುತ್ತಿತ್ತು. ಕಿಡಿಯೂ ಅದನ್ನೇ ನೋಡುತ್ತಿದ್ದರು. ತುಟಿಯಲ್ಲೇ "ಬೇಗ" ಎಂದರು.

"ಮುಂದಕ್ಕೆ?" ಎಂದ ಅಣ್ಣ, ಕಣ್ಣು ಮುಚ್ಚಿಕೊಂಡೇ. ಅಪ್ಪನ ಮುಂದೆ ಕೂತ ಹಾಗೆಯೇ ಕೂತಿದ್ದ.

ಅಂಟಿದೆ ಎಂದರೆ ಚಾಕು ತಾ ಅನ್ನುವವನು ಅವನು. ಏನೂ ಇಲ್ಲ ಎಂದರೆ ನಂಬುವವನಲ್ಲ. ಪದ್ಯ ಮುಗಿಯದೆ ಏಳುವವನಂತೂ ಅಲ್ಲ. ನನಗೆ ಬೇರೆ ದಾರಿ ಕಾಣಲಿಲ್ಲ. ಬೆರಳನ್ನು ಹಾಳೆಯ ಮೇಲೆ ಓಡಿಸುವಂತೆ ನಟಿಸಿ ಬಾಯಿ ತೆರೆದೆ. ಏನು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

*ಹಿಡಿದ ಕೈಯನು ಬಿಡಿಸು ಮೆಲ್ಲನೆ*
*ಒಡೆದ ಮಡಕೆಗೆ ನೀರದೇತಕೆ*
*ನುಡಿಯು ಮುಗಿಯಿತು ದೀಪವಾರಿತು*
*ನಡೆವ ದಾರಿಗೆ ಹೊತ್ತು ಮೀರಿತು*

"ಮುಗೀತು" ಎಂದೆ.

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೆ ಅದು ಬಿತ್ತು. ಹಿಡಿ, ಒಡೆ, ನುಡಿ, ನಡೆ. ಸಾಲುಸಾಲಿಗೂ ಎರಡನೆಯ ಅಕ್ಷರ ಅದೇ ಡಕಾರ. ಆದಿಪ್ರಾಸ. ಭಯ ಬಿದ್ದವಳ ಬಾಯಲ್ಲಿ ಹುಟ್ಟಿದ ಕಟ್ಟು ಅಪ್ಪನದು. ಕಿಡಿ ತಲೆಯೆತ್ತಿ ನನ್ನನ್ನೇ ನೋಡಿದರು. ಅವರ ಕವಿಗೆ ಪ್ರಾಸವೆಂದರೆ ಮೈಯುರಿ ಎಂದು ಈ ಮನೆಯ ಬೆಕ್ಕಿಗೂ ಗೊತ್ತು. ಸತ್ತ ಮೀನಿಗೆ ಕೊಡೆ ಹಿಡಿಯುವ ಕೆಲಸ ಎಂದು ಕರಪತ್ರವನ್ನೇ ಹಂಚಿದ ಮನುಷ್ಯ. ಜಾದೂಗಾರರ ಬಾಯಿಂದ ಒಂದು ಮಾತು ಬಿದ್ದರೆ ಅಣ್ಣ ಕೂತಲ್ಲೇ ಕೂರುತ್ತಾನೆ, ಬಿಸಿಲು ಡಬ್ಬಿಗೆ ಬರುತ್ತದೆ. ಹಾಳೆಯನ್ನು ಬಿಡದೆ ಹಿಡಿದೆ. ಅದು ಬೆರಳ ನಡುವೆ ಚರಚರ ಎನ್ನುತ್ತಿತ್ತು.

ಕಿಡಿ ಮತ್ತೆ ತಲೆ ತಗ್ಗಿಸಿ ಬಕೆಟ್ಟನ್ನು ಡಬ್ಬಿಯ ಹತ್ತಿರಕ್ಕೆ ಸರಿಸಿದರು.

ಅಣ್ಣ ಕಣ್ಣು ತೆರೆದು ನನ್ನ ಮುಖ ನೋಡಿದ. ಆಮೇಲೆ ಡಬ್ಬಿಯನ್ನು ಎರಡೂ ಅಂಗೈ ಮೇಲೆ ಎತ್ತಿ, ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ, ತಾನೇ ಬಕೆಟ್ಟಿನೊಳಕ್ಕೆ ಇಳಿಸಿದ. ಗುಳುಗುಳು ಗುಳ್ಳೆ ಬಂದು ನಿಂತಿತು. ಕಿಡಿ ಒದ್ದೆ ಗೋಣಿ ಮುಚ್ಚಿ, ಬೆನ್ನು ನೋವು ಮರೆತು, ಬಕೆಟ್ಟನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋದರು.

ಅಣ್ಣ ಎದ್ದವನೇ ನೇರವಾಗಿ ಅತ್ತಿಗೆಯ ಕೋಣೆಗೆ ನಡೆದ. ಅವನು ತಲೆಯ ಕಡೆ, ನಾನು ಪ್ಲಾಸ್ಟರಿನ ಕಡೆ. ಬೀರುವಿನಲ್ಲಿ ಬಿದ್ದಿರಬಹುದಾದ ಚಕ್ಕೆಗಳನ್ನು ಕಿಡಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವ ತನಕ ಅತ್ತಿಗೆ ಮರದಡಿ ಇರಲಿ ಎಂದು ಅಣ್ಣನೇ ಹೇಳಿದ. ಅತ್ತಿಗೆ ದಾರಿಯುದ್ದಕ್ಕೂ ಬೈದರು. "ಮದುವೆ ದಿನ ಎತ್ತಿಕೊಂಡಿರಲಿಲ್ಲ, ಈಗ ಯಾಕ್ರೀ ಈ ಶೋಕಿ?"

ಮರದಡಿ ಮಂಚ ಹಾಕಿ ಕೂರಿಸಿದ ಮೇಲೆ ವಿಷಯ ಹೇಳಿದೆವು. ಅವರ ಮುಖದ ನಗು ಹಾಗೇ ಆರಿತು. ತಮ್ಮ ದಿಂಬು ಇದ್ದ ಗೋಡೆಯ ಕಡೆ ತಿರುಗಿ ನೋಡಿದರು. ಆಮೇಲೆ, "ಆ ಕೊನೇದೊಂದು ಚೆನ್ನಾಗಿತ್ತು ಕಣೇ. ನಿಮ್ಮಪ್ಪನ ಕಾಲದ ಪದ್ಯದ ಹಾಗಿತ್ತು" ಎಂದರು.

ನಾನು ತಲೆ ತಗ್ಗಿಸಿದೆ. ಪದ್ಯದ ವಿಷಯದಲ್ಲಿ ಸುಳ್ಳು ಹೇಳಿದ್ದೆ. ನಾಳೆ ಅಣ್ಣ ಅದನ್ನು ಆ ಕವಿಯ ಹೆಸರಿನಲ್ಲಿ ನಾಲ್ಕು ಜನಕ್ಕೆ ಹೇಳಿದರೆ ಏನು ಗತಿ ಎಂಬ ಬೇರೆಯ ಹೆದರಿಕೆ ಆಗಲೇ ಶುರುವಾಗಿತ್ತು.

"ಅಣ್ಣಾ, ಅದು..."

"ಗೊತ್ತು" ಎಂದ ಅಣ್ಣ. "ಮೊದಲ ಸಾಲಿಗೇ ಅನುಮಾನ ಬಂತು. ಎರಡನೇದಕ್ಕೆ ಖಾತ್ರಿಯಾಯ್ತು. ಆ ಮನುಷ್ಯ ಸತ್ತರೂ ಪ್ರಾಸ ಹಾಕೋನಲ್ಲ."

"ಗೊತ್ತಿದ್ದೂ ಯಾಕೆ ಎದ್ದೆ?"

ಅವನು ತನ್ನ ಅಂಗೈ ನೋಡಿಕೊಂಡ. ಡಬ್ಬಿಯ ಬಿಸಿಗೆ ಅದು ಕೆಂಪಾಗಿತ್ತು.

"ಆ ಜಾದೂಗಾರರು ಹೇಳಿದಾಗ ನನಗೇನೂ ಅನ್ನಿಸಲಿಲ್ಲ ಪುಟ್ಟಿ. ಕಲ್ಲಿನ ಮೇಲೆ ಉರಿದದ್ದು ನೋಡಿದೆ, ಆಗಲೂ ಇಲ್ಲ. ನೀನು ಪದ್ಯದ ಹೆಸರಲ್ಲಿ ಸುಳ್ಳು ಹೇಳಿದೆ ನೋಡು. ಇವಳು ಇದನ್ನ ಮಾಡಬೇಕಾದ್ರೆ ಎಷ್ಟು ಹೆದರಿರಬೇಕು ಅಂತ ಆಗ ನನಗೂ ಭಯ ಆಯ್ತು."

ಅತ್ತಿಗೆ ಅವನ ಅಂಗೈಯನ್ನು ಎಳೆದುಕೊಂಡು ನೀರು ಹಾಕತೊಡಗಿದರು. ಅವನು ಇನ್ನೊಂದು ಅಂಗೈಯನ್ನೂ ಒಡ್ಡಿದ. ಆಮೇಲೆ ಹಿತ್ತಿಲ ಕಡೆ ತಿರುಗಿ, ಗೋಣಿಗೆ ನೀರು ಚಿಮುಕಿಸುತ್ತಿದ್ದ ಕಿಡಿಯನ್ನು ಕರೆದ. ಅವನ ದನಿ ಸಣ್ಣದಾಗಿತ್ತು.

"ಸಾರ್, ಉಳಿದ ಪೆಟ್ಟಿಗೆಗಳನ್ನೂ ಒಂದು ಸಲ ಮೂಸಿ ನೋಡ್ತೀರಾ?"