ಮಾರ್ಚ್ ಹನ್ನೊಂದರ ತಟ್ಟೆಗಳು

ಸಭಾಂಗಣದ ಕುರ್ಚಿಯ ಹಿಡಿ ತಣ್ಣಗಿದೆ, ಓತಿಯ ಹೊಟ್ಟೆಯ ಹಾಗೆ, ಓರ್ನೆಲ್ಲಾ ಕೈ ತೆಗೆದಳು — ಪರದೆಯ ಮೇಲೆ ಗೆರೆ ಏರುತ್ತಿದೆ, ಅವಳ ಎಂಟು ವರ್ಷದ ದುಡಿಮೆ, ಕೆಳಗೆ ಹೆಸರು ಮಾತ್ರ ಪ್ರೊಫೆಸರ್ ಅಮಿತ್ರಾನೋ ಒಬ್ಬನದೇ. ನರಗಳ ತುದಿಯಿಂದ ಬರೋ ನಾರ್‌ಅಡ್ರಿನಲಿನ್, ಒಂದು ಹನಿ ಸಾಕು ನೋಡಿ, ಓತಿಯ ಮಿದುಳಿನ ಪೀನಿಯಲ್ ಗ್ರಂಥಿ ದುಪ್ಪಟ್ಟು ಮೆಲಟೋನಿನ್, ಅದೇ ಕತ್ತಲ ಹಾರ್ಮೋನು, ಸುರಿಸುತ್ತೆ, ಎನ್ನುತ್ತಿದ್ದಾನೆ, ಹನಿ ಹಾಕಿದವನು ತಾನೇ ಎಂಬಂತೆ, ರೋಮಿನಿಂದ ಬಂದ ವಿಜ್ಞಾನಿಗಳು ತಲೆದೂಗುತ್ತಿದ್ದಾರೆ. ನೇಪಲ್ಸಿನ ಹಾಳು ಗೋಡೆಗಳ ಬಳಿ ಹುಲ್ಲುಕಡ್ಡಿಯ ಕುಣಿಕೆ ಹಿಡಿದು ಬಿಸಿಲಲ್ಲಿ ಓತಿಗೆ ಕಾದವಳು ಅವಳು, ಸಾಸಿವೆಗಿಂತ ಚಿಕ್ಕ ಗ್ರಂಥಿಯನ್ನು ಕೆಂಪು ದೀಪದಲ್ಲಿ ಬಿಡಿಸಿದವಳು ಅವಳು, ನಿನ್ನ ಕೈ ಬಂಗಾರ ಕಣಮ್ಮಾ, ತಲೆ ಓಡಿಸೋ ಕೆಲಸ ನಮಗೆ ಬಿಡು, ಎಂದಿದ್ದ ಅವನು ಒಮ್ಮೆ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆದರೆ ಈ ಗೆರೆ — ಗುರುತು ಸಿಕ್ಕಿದ್ದು ನಿನ್ನೆ, ಭಾಷಣದ ಚಿತ್ರಗಳನ್ನು ಕಂಡಾಗ, ಮಾರ್ಚ್ ಹನ್ನೊಂದರದು, ಅವಳು ಬಿಸಾಕಲು ಎತ್ತಿಟ್ಟ ಹಾಳೆ, ಅಮ್ಮ ತೀರಿಕೊಂಡು ಅವಳು ರಜೆಯಲ್ಲಿದ್ದ ವಾರ ಅವಳ ಮೇಜಿನಿಂದ ಒಯ್ದಿದ್ದಾನೆ, ಯಾಕೆ ಬಿಸಾಕುತ್ತೀಯೆಂದು ಕೇಳಿಲ್ಲ, ಕೇಳುವವನಲ್ಲ. ಆ ಗ್ರಂಥಿಗೆ ಬೆಳಕು ಕಾಣುತ್ತದೆ, ಮೈಯಿಂದ ಬೇರೆಯಾಗಿ ಗಾಜಿನ ತಟ್ಟೆಯಲ್ಲಿದ್ದರೂ, ಕಂಡೊಡನೆ ಮೆಲಟೋನಿನ್ ಇಳಿಸಿಬಿಡುತ್ತದೆ, ಅವತ್ತು ಕತ್ತಲಕೋಣೆಯ ಬಾಗಿಲು ತೆರೆದು ನಿಂತವನು ಅವನೇ, ಏನಮ್ಮಾ, ಕತ್ತಲಲ್ಲಿ ಕೂತು ಯಾರಿಗೆ ಮಾಟ ಮಾಡ್ತಿದೀಯಾ, ಬಾಗಿಲು ಪ್ರೊಫೆಸರೇ, ಬೆಳಕು ಬರ್ತಿದೆ, ಬರಲಿ ಬಿಡು, ಓತಿ ಏನು ಕೋರ್ಟಿಗೆ ಹೋಗುತ್ತಾ, ಮುಕ್ಕಾಲು ಗಂಟೆ ಮಗಳ ಮದುವೆಯೂಟದ ಮಾತು, ಹನಿ ಹಾಕದ ಆರು ತಟ್ಟೆಗಳು ಬಾಗಿಲ ಬಳಿ, ಮೇಲೆ ಬೆಳಕಿನ ಬಿಳಿ ಪಟ್ಟಿ, ಹನಿ ಹಾಕಿದವು ಒಳಗೆ ಕತ್ತಲಲ್ಲಿ — ಒಳಗಿನವನ್ನು ಹನಿ ಏರಿಸಲಿಲ್ಲ, ಬಾಗಿಲ ಬಳಿಯವನ್ನು ಬೆಳಕು ಇಳಿಸಿತು, ಅಷ್ಟೆ. ನಿನ್ನೆ ಮೆಟ್ಟಿಲಲ್ಲಿ ಒಬ್ಬನೇ ಸಿಕ್ಕಿದ್ದ, ಹೇಳಬಹುದಿತ್ತು, ಹೇಳಲಿಲ್ಲ, ಸಭೆ ತುಂಬಲಿ ಎಂದು ಕಾದಳು. ಇನ್ನು ಆ ಪ್ರಯೋಗಾಲಯದ ಯಾವ ಹಾಳೆಯನ್ನೂ ಯಾರೂ ನಂಬರು, ಅವಳ ಸರಿಯಾದವನ್ನೂ, ಗೊತ್ತು, ಮುಳುಗಲಿ. ಪ್ರಶ್ನೆ ಇದ್ರೆ ಕೇಳಿ — ಕೈ ಮೇಲಿದೆ, ಅವಳದೇ ಕೈ — ಓಹೋ, ನಮ್ಮ ಓರ್ನೆಲ್ಲಾಗೂ ಮಾತು ಬಂತು, ಹೇಳಮ್ಮಾ, ಹನಿ ಹಾಕದ ತಟ್ಟೆಗಳು ಕತ್ತಲಲ್ಲೇ ಇದ್ವಾ ಪ್ರೊಫೆಸರೇ, ಮತ್ತೆಲ್ಲಿರುತ್ವೆ, ಮಾರ್ಚ್ ಹನ್ನೊಂದನೇ ತಾರೀಕೂ, ಬಾಗಿಲು ತೆಗೆದು ನಿಂತಿದ್ರಲ್ಲ ನೀವು, ಮುಕ್ಕಾಲು ಗಂಟೆ — ಸಭೆಯೆಲ್ಲ ಅವಳತ್ತ ತಿರುಗಿದೆ, ಯಾರೋ ಏನೋ ಕೇಳುತ್ತಿದ್ದಾರೆ, ಅವಳಿಗೆ ಕೇಳಿಸದು, ಬಿಳಿ ಪಟ್ಟಿ, ಆರು ತಟ್ಟೆಗಳ ಮೇಲೆ ಬಿಳಿ ಪಟ್ಟಿ, ಅಲುಗದ ಬಿಳಿ ಪಟ್ಟಿ