ಮೆಟ್ಟಬಾರದ ಹಾಲು

ನಾಗರಪಂಚಮಿ ಕಳೆದ ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಯಕ್ಷಿತಾಳನ್ನು ಎಬ್ಬಿಸಿದ್ದು ಮೊಬೈಲಿನ ಅಲಾರಂ ಅಲ್ಲ, ಅಮ್ಮ ಸೇವಂತಿಯ ಕೂಗು. ಗ್ಯಾಲರಿಗೆ ಓಡಿಬಂದು ಕೆಳಗೆ ನೋಡಿದಳು. ಅವರಿದ್ದ ಸಾಲುಮನೆಗಳ ಚಾಳಿನ ಹಿಂದಿನ ಕೊಳದ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಜೀವವಿದ್ದ ಕೆಲವು ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿಗಾಗಿ ಒದ್ದಾಡುತ್ತಿದ್ದವು. ನೀರು ಬೆಳ್ಳಗೆ ಕದಡಿ ನಿಂತಿತ್ತು.

ಸುತ್ತ ಬಿಲ್ಡಿಂಗುಗಳು ಎದ್ದ ಮೇಲೂ ಮುಂಬಯಿಯ ಮಲಾಡಿನಲ್ಲಿ ಒಂದು ಕೊಳ ಉಳಿದಿದೆಯೆಂದರೆ ಅದು ನಾಗನ ದಯೆ, ಮತ್ತೆ ನಾಗನ ಹೆದರಿಕೆ. ಚಾಳಿನ ಕರಾವಳಿಯವರ ಹಿರಿಯರು ದಡದ ಅಶ್ವತ್ಥದ ಬುಡದಲ್ಲಿ ನಾಗನ ಕಲ್ಲು ಪ್ರತಿಷ್ಠೆ ಮಾಡಿದ್ದರು. ಬಂಗುಡೆ ಸಾರಿಲ್ಲದೆ ಅನ್ನ ಇಳಿಯದ ಮಹಾನುಭಾವರೂ ಈ ಕೊಳದ ಮೀನಿಗೆ ಮಾತ್ರ ಚುರುಮುರಿ ಎರಚಿ ಕೈ ಮುಗಿಯುತ್ತಿದ್ದರು. ದೇವರ ಮೀನು ಸತ್ತಿತೆಂದರೆ ಸುಮ್ಮನೆ ಮಾತೇ? ಯಕ್ಷಿತಾ ಕೆಳಗಿಳಿಯುವ ಹೊತ್ತಿಗೆ ಅರ್ಧ ಚಾಳು ಅಲ್ಲಿ ನಿಂತಿತ್ತು, ಮತ್ತು ಅಪರಾಧಿ ಯಾರೆಂದು ಆಗಲೇ ತೀರ್ಮಾನವಾಗಿತ್ತು.

ಕೊಳದ ಆಚೆ ದಡದಲ್ಲಿ ಚಾಳಿನವರ ಸಂಘದ ಜಾಗದಲ್ಲೇ ಒಂದು ತಗಡಿನ ಶೆಡ್ಡು. ಬಾಗಲಕೋಟೆ ಕಡೆಯ ಮರೆಪ್ಪನೂ ಅವನ ಹೆಂಡತಿ ಸೋಮವ್ವನೂ ಅಲ್ಲಿದ್ದುಕೊಂಡು ಹೋಟೆಲುಗಳ ಗ್ರೈಂಡರ್ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡಿಕೊಡುತ್ತಿದ್ದರು. ನನ್ನ ಇಡ್ಲಿಯ ಮೃದುತನವೆಲ್ಲ ಮರೆಪ್ಪನ ಉಳಿಯಲ್ಲಿದೆ ಎಂದು ಹೋಟೆಲು ನಡೆಸುವ ಯಕ್ಷಿತಾಳ ಅಪ್ಪ ಸದಾನಂದ ಗಿರಾಕಿಗಳೆದುರು ಹೊಗಳುವುದಿತ್ತು. ಕಲ್ಲು ತೊಳೆದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಹರಿದು ಶೆಡ್ಡಿನ ಪಕ್ಕದ ಗುಂಡಿಗೆ ಇಳಿಯುತ್ತಿತ್ತು. ಗುಂಡಿ ತುಂಬಿದರೆ ಕೊಳಕ್ಕೆ.

"ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾನು ಯಾವಾಗ್ಲೇ ಹೇಳಿದ್ದೆ ಮಾರಾಯ್ರೆ," ಎಂದು ಸಂಘದ ಸೆಕ್ರೆಟರಿ ಕೊರಗಪ್ಪ ಗಂಟಲೆತ್ತಿದ. "ಇವ ಪಾಪದವ, ಇವ ಪಾಪದವ ಅಂತ ಜಾಗ ಕೊಟ್ರಿ. ಈಗ ನೋಡಿ, ದೇವರ ಮೀನೇ ಹೋಯ್ತು. ಇನ್ನು ಎಂತ ಕಾಯ್ಲಿಕ್ಕುಂಟು?"

ಮರೆಪ್ಪ ಕಲ್ಲಿನ ಪುಡಿ ಮೆತ್ತಿದ ಕೈ ಜೋಡಿಸಿಕೊಂಡು ಸತ್ತ ಮೀನುಗಳನ್ನೇ ನೋಡುತ್ತಿದ್ದ. "ನಾಗಪ್ಪನ ಮೀನ ನಾ ಕೊಂದೆನೇನ್ರೀ ಸಾವಕಾರ್ರ?" ಎಂದು ಸದಾನಂದನನ್ನೇ ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ, ಬರೀ ಭಯ. ಸೋಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಸದಾನಂದ ಸಂಘದ ಅಧ್ಯಕ್ಷ. ಅವನಿಗೂ ಸಂಕಟವೇ, ಆದರೆ ನಾಗನ ಮುಂದೆ ಮುಲಾಜು ನಡೆಯುವುದಿಲ್ಲ. "ಆದಿತ್ಯವಾರ ಮೀಟಿಂಗ್ ಮಾಡುವ. ಅಷ್ಟರಲ್ಲಿ ನಮ್ಮ ಯಕ್ಷಿ ನೀರು ಟೆಸ್ಟ್ ಮಾಡಿ ಹೇಳ್ತಾಳೆ. ಪ್ರೂಫ್ ಸಿಕ್ಕಿದ್ರೆ ಶೆಡ್ಡು ಖಾಲಿ ಮಾಡ್ಬೇಕು ಮರೆಪ್ಪ, ಬೇಜಾರು ಮಾಡ್ಬೇಡ."

ಮಗಳ ಹೆಸರು ಹೇಳುವಾಗ ಆ ಸಂಕಟದಲ್ಲೂ ಅವನ ಎದೆ ಒಂದಿಷ್ಟು ಉಬ್ಬಿತು. ಯಕ್ಷಿತಾ ಪವಾಯಿಯ ಒಂದು ಲ್ಯಾಬಿಗೆ ಸೇರಿ ಇನ್ನೂ ಕೆಲವೇ ತಿಂಗಳು. ಗಟಾರದ ನೀರು, ಕಾರ್ಖಾನೆಯ ನೀರು ಎಷ್ಟು ಕೆಟ್ಟಿದೆಯೆಂದು ಅಳೆಯುವುದೇ ಅವಳ ಕೆಲಸ. ಮದುವೆಮನೆಗಳಲ್ಲಿ ಅಪ್ಪ ಇದನ್ನು 'ವಿಜ್ಞಾನಿ' ಎಂದು ಚುಟುಕಾಗಿ ಮುಗಿಸುತ್ತಿದ್ದ.

ನಿಜ ಹೇಳಬೇಕೆಂದರೆ ಅವಳಿಗೂ ಮರೆಪ್ಪನ ಮೇಲೆಯೇ ಅನುಮಾನ. ಒಂದು ಬಾಟಲಿಗೆ ಕೊಳದ ನೀರು, ಇನ್ನೊಂದಕ್ಕೆ ಮರೆಪ್ಪನ ಗುಂಡಿಯ ಬಿಳಿ ನೀರು ತುಂಬಿಸಿಕೊಂಡು ಹೋದಳು. ಲ್ಯಾಬಿನಲ್ಲಿ ಮಾಡುವ ಪರೀಕ್ಷೆಗೆ ಸಿಓಡಿ ಎನ್ನುತ್ತಾರೆ. ನೀರಿನಲ್ಲಿರುವ ಕೊಳೆಯುವ ವಸ್ತುವನ್ನೆಲ್ಲ ಸುಟ್ಟು ಮುಗಿಸಲು ಎಷ್ಟು ಆಮ್ಲಜನಕ ಬೇಕೆಂದು ಅದು ಹೇಳುತ್ತದೆ. ಕಿತ್ತಳೆ ಬಣ್ಣದ ದ್ರಾವಣವೊಂದನ್ನು ಆಮ್ಲದೊಂದಿಗೆ ಬೆರೆಸಿ ಸಣ್ಣ ಗಾಜಿನ ಕೊಳವೆಯಲ್ಲಿ ಎರಡು ಗಂಟೆ ಕಾಯಿಸಬೇಕು. ನೀರು ಚೊಕ್ಕವಾಗಿದ್ದರೆ ಕಿತ್ತಳೆ ಕಿತ್ತಳೆಯಾಗಿಯೇ ಉಳಿಯುತ್ತದೆ. ಕೊಳೆಯುವಂಥದ್ದು ಇದ್ದರೆ ದ್ರಾವಣ ತನ್ನ ಆಮ್ಲಜನಕವನ್ನು ಅದಕ್ಕೆ ಕೊಟ್ಟು ಕೊಟ್ಟು ಹಸಿರಾಗುತ್ತದೆ.

ಕೊಳವೆಗಳನ್ನು ಹೊರತೆಗೆದಾಗ ಕೊಳದ ನೀರು ಹಸಿರಾಗಿತ್ತು. ಮರೆಪ್ಪನ ನೀರು ಕಿತ್ತಳೆಯಾಗಿಯೇ ಉಳಿದಿತ್ತು.

ಯಕ್ಷಿತಾ ಕಣ್ಣುಜ್ಜಿಕೊಂಡಳು. ಲೇಬಲ್ ಅದಲುಬದಲಾಯಿತೇನೋ ಎಂದು ಮತ್ತೊಮ್ಮೆ ಮೊದಲಿನಿಂದ ಮಾಡಿದಳು. ಊಟ ಬಿಟ್ಟು ಅಲ್ಲೇ ನಿಂತು ಕಾದಳು. ಮತ್ತೆ ಅದೇ ಕಿತ್ತಳೆ. ನೋಡುವುದಕ್ಕೆ ಅಷ್ಟು ಹೊಲಸಾಗಿದ್ದ ನೀರಿನಲ್ಲಿ ಕೊಳೆಯುವ ವಸ್ತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಯೋಚಿಸಿದರೆ ಅದು ಸರಿಯೇ. ಕಲ್ಲಿನ ಪುಡಿ ಕೊಳೆಯುವುದೆಲ್ಲಿಂದ? ಕಲ್ಲಿಗೆ ಹಸಿವಿಲ್ಲ, ಅದು ಯಾರ ಉಸಿರನ್ನೂ ತಿನ್ನುವುದಿಲ್ಲ. ಹಾಗಾದರೆ ಕೊಳದ ಉಸಿರು ತಿಂದದ್ದು ಯಾವುದು? ಈ ಪ್ರಶ್ನೆ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲೂ ಅವಳನ್ನು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಕೊಳದ ಸುತ್ತ ಒಂದು ಸುತ್ತು ಬಂದಳು. ನಾಗನ ಕಲ್ಲಿನ ಬಳಿ ಬಂದಾಗ ಮೂಗಿಗೆ ಹುಳಿ ವಾಸನೆ ಹೊಡೆಯಿತು. ಬಗ್ಗಿ ನೋಡಿದಳು. ಕಲ್ಲಿನ ಕಟ್ಟೆಯಿಂದ ಸಣ್ಣ ಕಾಲುವೆಯಂಥ ಒಂದು ಸಿಮೆಂಟಿನ ತೋಡು, ಅದರ ಕೊನೆಗೆ ಪೈಪು, ಪೈಪಿನ ಬಾಯಿ ನೇರ ಕೊಳಕ್ಕೆ. ಪೈಪಿನ ಒಳಗೆ ಬೆಳ್ಳಗೆ ಏನೋ ಒಡೆದು ಹೆಪ್ಪುಗಟ್ಟಿ ಅಂಟಿಕೊಂಡಿತ್ತು.

ಆ ಪೈಪು ಹಾಕಿಸಿದವನು ಅವಳ ಅಪ್ಪ.

ಮೊದಲೆಲ್ಲ ಪಂಚಮಿಯ ಅಭಿಷೇಕದ ಹಾಲು ಅಶ್ವತ್ಥದ ಬುಡದ ಮಣ್ಣಿಗೇ ಇಂಗುತ್ತಿತ್ತು. ಪ್ರದಕ್ಷಿಣೆ ಬರುವವರ ಕಾಲು ಅದರ ಮೇಲೆ ಬೀಳುತ್ತಿತ್ತು. ದೇವರಿಗೆ ಎರೆದ ಹಾಲನ್ನು ಮೆಟ್ಟುವುದೆಂದರೆ ಸದಾನಂದನಿಗೆ ಪ್ರಾಣ ಹೋದಂತೆ. ಆದ್ದರಿಂದ ಈ ವರ್ಷ ಕಟ್ಟೆಗೆ ಸಿಮೆಂಟು ಹಾಕಿಸಿ, ಹಾಲೆಲ್ಲ ಕೊಳಕ್ಕೇ ಹೋಗುವಂತೆ ಪೈಪು ಇಡಿಸಿದ. ಯಾರೂ ಮೆಟ್ಟುವುದು ಬೇಡ, ನಾಗನ ಹಾಲು ನಾಗನ ಕೊಳಕ್ಕೆ. ಊರೆಲ್ಲ ಭೇಷ್ ಎಂದಿತು. ಸಾಲದ್ದಕ್ಕೆ ಈ ವರ್ಷ ಹಾಲೂ ಹೆಚ್ಚು. ಯಕ್ಷಿಗೆ ಒಳ್ಳೆಯ ಕೆಲಸ ಸಿಕ್ಕರೆ ಕ್ಯಾನುಗಟ್ಟಲೆ ಹಾಲೆರೆಯುತ್ತೇನೆಂದು ಅವನು ಹರಕೆ ಹೊತ್ತಿದ್ದ. ಕ್ಯಾನು ಬಗ್ಗಿಸುವಾಗ ಅದರ ಇನ್ನೊಂದು ಹಿಡಿ ಹಿಡಿದವಳು ಅವಳೇ. ಆಮೇಲೆ ಮಳೆಯೂ ಕೈಕೊಟ್ಟು, ಹಾಲು ಕೊಳದಲ್ಲೇ ನಿಂತಿತು.

ಪೈಪಿನಲ್ಲಿದ್ದುದನ್ನು ಒಂದಿಷ್ಟು ಕೆರೆದುಕೊಂಡು ಲ್ಯಾಬಿಗೆ ಓಡಿದಳು. ನೂರು ಪಾಲು ಶುದ್ಧ ನೀರು ಬೆರೆಸಿ ಕೊಳವೆಗೆ ಹಾಕಿದರೆ, ಕಾಯಿಸುವ ಮೊದಲೇ ಕಿತ್ತಳೆ ಕಪ್ಪುಹಸಿರಾಯಿತು. ಕ್ಯಾಂಟೀನಿನ ಪ್ಯಾಕೆಟ್ ಹಾಲನ್ನೂ ಹಾಗೆಯೇ ಪರೀಕ್ಷಿಸಿದಳು. ಮುಂಬಯಿಯ ಗಟಾರದ ನೀರಿಗಿಂತ ಹಾಲು ನೂರಾರು ಪಟ್ಟು ಹೆಚ್ಚು ಆಮ್ಲಜನಕ ಕೇಳುತ್ತಿತ್ತು! ಹುಟ್ಟಿದಾಗಿನಿಂದ ಕುಡಿದ ಹಾಲು. ತನ್ನ ಕೆಲಸಕ್ಕೆಂದು ಎರೆದ ಹಾಲೇ ಮೀನುಗಳನ್ನು ಕೊಂದಿತು, ತಪ್ಪು ಮಾತ್ರ ಮರೆಪ್ಪನ ತಲೆಗೆ ಬಂತು. ಅವಳಿಗೆ ಅಳು ಬಂತು, ಅಷ್ಟೇ ಸಿಟ್ಟೂ ಬಂತು.

ಭಾನುವಾರ ಮಧ್ಯಾಹ್ನ ಹೋಟೆಲಿನ ಶಟರ್ ಅರ್ಧ ಎಳೆದು ಮೀಟಿಂಗು ಕೂತಿತು. ಯಕ್ಷಿತಾ ಮೇಜಿನ ಮೇಲೆ ಮೂರು ಕೊಳವೆ ನಿಲ್ಲಿಸಿದಳು. ಒಂದು ಕಿತ್ತಳೆ, ಒಂದು ಹಸಿರು, ಒಂದು ಕಪ್ಪುಹಸಿರು. ಹಸಿರೆಂದರೆ ಕೆಟ್ಟ ನೀರು ಎಂದು ತಿಳಿಸಿದಳು.

"ಹಾಗಾದ್ರೆ ಈ ಕಪ್ಪುಹಸಿರು ಮರೆಪ್ಪಂದು," ಎಂದ ಕೊರಗಪ್ಪ. "ಕಾಣುವುದಿಲ್ವಾ?"

"ನಹೀ ಅಂಕಲ್. ಮರೆಪ್ಪಂದು ಈ ಆರೆಂಜ್. ಅದ್ರಲ್ಲಿ ಕುಛ್ ಭೀ ಇಲ್ಲ. ಹಸಿರು ಕೊಳದ್ದು. ಇದು..." ಅವಳು ಅಪ್ಪನ ಮುಖ ನೋಡಿದಳು. "ಇದು ನಮ್ಮ ಪೈಪಿಂದು ಪಪ್ಪಾ. ಪಂಚಮಿಯ ಹಾಲು."



ಸದಾನಂದ ದಡಕ್ಕನೆ ಎದ್ದ. "ಎಂತ ಹೇಳ್ತಿದ್ದಿ ನೀನು? ದೇವರ ಹಾಲನ್ನು ಕೊಳಕು ಅಂತೀಯಾ? ಕಲಿಸಿದ್ದು ಇದಕ್ಕಾ?"

"ಕೊಳಕು ಅಲ್ಲ ಪಪ್ಪಾ! ಹಾಲು ಬಹುತ್ ಜ್ಯಾದಾ ಊಟ. ನೀರಲ್ಲಿರೋ ಜರ್ಮ್ಸ್ ಅದನ್ನ ತಿಂತವೆ. ತಿನ್ನುವಾಗ ಸಾರಾ ಆಕ್ಸಿಜನ್ ಖತಂ. ಮೀನಿಗೆ ಉಸಿರೇ ಇಲ್ಲ." ಕನ್ನಡ ಸಾಲದೆ ಅವಳು ಮೀನಿನಂತೆ ಬಾಯಿ ತೆರೆದು ತೋರಿಸಿದಳು. "ಅವು ಬಾಯಿ ತೆಗೀತಿದ್ವು, ನೋಡಿದ್ರಿ ಅಲ್ವಾ? ಪೈಪು ಇಲ್ದಿದ್ರೆ ಮಣ್ಣಿಗೆ ಹೋಗ್ತಿತ್ತು. ಏನೂ ಆಗ್ತಿರ್ಲಿಲ್ಲ."

ಸದಾನಂದ ಕಪ್ಪುಹಸಿರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ಮರೆಪ್ಪ ಎಲ್ಲಿ? ಮೀಟಿಂಗಿಗೆ ಬರ್ಲಿಕ್ಕೆ ಹೇಳಿದ್ದೆನಲ್ಲ?"

ಬಾಗಿಲಲ್ಲಿ ನಿಂತಿದ್ದ ಸೇವಂತಿ ಹೇಳಿದಳು: "ಅವರು ಸಾಮಾನು ಕಟ್ಟಿ ಆಯ್ತು. ಹೋಗುವ ಮೊದಲು ನಾಗನಿಗೆ ತಪ್ಪುಕಾಣಿಕೆ ಹಾಕ್ತೇವೆ ಅಂತ ಎಮ್ಮೆಗಳ ತಬೇಲೆಯಿಂದ ಒಂದು ಕ್ಯಾನು ಹಾಲು ತಂದಿದ್ದಾರೆ. ಈಗ ಕಲ್ಲಿನ ಹತ್ರ ಹೋದ್ರು."

"ಅಯ್ಯೋ, ಉಳಿದ ಮೀನು!" ಎಂದು ಯಕ್ಷಿತಾ ಕಿರುಚಿದಳು. ಅವಳಿಗಿಂತ ಮೊದಲು ಶಟರಿನಡಿ ನುಸುಳಿ ಓಡಿದವನು ಸದಾನಂದ. ಮಂಡಿನೋವೆಂದು ಮೆಟ್ಟಿಲು ಹತ್ತುವಾಗೆಲ್ಲ ಗೊಣಗುವ ಮನುಷ್ಯ ರಸ್ತೆ ದಾಟಿ, ಬೈಕುಗಳ ನಡುವೆ ನುಗ್ಗಿ, ಚಾಳಿನ ಹಿಂದಕ್ಕೆ ಓಡಿದ. ಯಕ್ಷಿತಾ ಹಿಂದೆಯೇ ಓಡಿದಳು.

ಕಟ್ಟೆಯ ಮೇಲೆ ಮರೆಪ್ಪನೂ ಸೋಮವ್ವನೂ ಕ್ಯಾನು ಬಗ್ಗಿಸಿಯಾಗಿತ್ತು. "ತಪ್ಪಾತೋ ನಮ್ಮಪ್ಪ, ಹೊಟ್ಯಾಗ ಹಾಕ್ಕೋ" ಎನ್ನುತ್ತಿದ್ದಳು ಸೋಮವ್ವ. ಹಾಲು ನಾಗನ ಹೆಡೆಯಿಂದ ಇಳಿದು, ತೋಡು ಹಿಡಿದು, ಪೈಪಿನತ್ತ ಹರಿಯುತ್ತಿತ್ತು. ನೀರಿನ ಮೇಲೆ ಉಳಿದ ನಾಲ್ಕಾರು ಮೀನು ಬಾಯಿ ತೆರೆದುಕೊಂಡಿದ್ದವು.

ಸದಾನಂದ ಚಪ್ಪಲಿ ಅಷ್ಟು ದೂರಕ್ಕೆ ಎಸೆದು ಬಂದವನೇ ತೋಡಿಗೆ ಇಳಿದ. ತೋಡಿನಿಂದ ಪೈಪಿಗೆ ಹೋಗುವ ಬಾಯಿಗೆ ತನ್ನ ಬರಿಗಾಲನ್ನು ಅಡ್ಡ ಇಟ್ಟು ಒತ್ತಿ ನಿಂತ. ಹಾಲು ಬಂದು ಅವನ ಪಾದಕ್ಕೆ ಬಡಿದು, ಬೆರಳ ಸಂದಿನಲ್ಲಿ ನುಗ್ಗಿ, ಹಿಮ್ಮಡಿಯ ಸುತ್ತ ಏರಿತು.

"ಅಯ್ಯೋ ಸಾವಕಾರ್ರ, ಹಾಲು! ದೇವರ ಹಾಲು ತುಳೀಲಿಕ್ಹತ್ತೀರಿ!" ಮರೆಪ್ಪ ಗಾಬರಿಯಿಂದ ಕ್ಯಾನು ಕೆಳಗಿಟ್ಟ.

"ಗೊತ್ತುಂಟು," ಎಂದ ಸದಾನಂದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮೀನು ಕೊಂದದ್ದು ನೀನಲ್ಲ ಮಾರಾಯ. ನಾನು. ನನ್ನ ಈ ಪೈಪು. ನಿನ್ನ ಉಳಿ ಎಲ್ಲುಂಟು? ತಾ. ಈ ಸಿಮೆಂಟು ಒಡೆದು ಹಾಕು, ಹಾಲು ಮಣ್ಣಿಗೆ ಹೋಗ್ಲಿ. ನಾನು ಕಾಲು ತೆಗೆಯುವುದಿಲ್ಲ, ಬೇಗ ತಾ."

ಮರೆಪ್ಪ ಅವನನ್ನೂ ಯಕ್ಷಿತಾಳನ್ನೂ ನೋಡಿದ. ಅವಳು ತಲೆಯಾಡಿಸಿದಳು. ಅವನು ಶೆಡ್ಡಿನ ಬಾಗಿಲಿಗೆ ಹೋಗಿ, ಊರಿಗೆ ಹೋಗಲೆಂದು ಬಿಗಿದಿಟ್ಟ ಗೋಣಿಚೀಲದ ಗಂಟು ಬಿಚ್ಚತೊಡಗಿದ.