ಒಂದು ಸೀಟಿ, ಎರಡು ಸೀಟಿ

ಕಾರ್ಕಳ–ಉಡುಪಿ ದಾರಿಯ ಬಸ್ಸುಗಳಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಆ ದಾರಿಯಲ್ಲಿ ಇದಕ್ಕಿಂತ ದೊಡ್ಡ ಶಾಸ್ತ್ರವಿರಲಿಲ್ಲ. ಡ್ರೈವರ್ ಓಸ್ವಾಲ್ಡನ ಪ್ರಾಣಸಂಕಟವೆಲ್ಲ ಇದ್ದದ್ದು ಈ ಎಣಿಕೆಯಲ್ಲಿ.

ಏಳು ವರ್ಷಗಳ ಹಿಂದೆ, ಎಪ್ಪತ್ತಾರರ ಮಳೆಗಾಲದಲ್ಲಿ, ಅವನು ಆಂಬುಲೆನ್ಸ್ ಓಡಿಸುತ್ತಿದ್ದ. ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಕಾರ್ಕಳದಿಂದ ಮಣಿಪಾಲಕ್ಕೆ ತರುವಾಗ ಹಿರಿಯಡ್ಕದ ತಿರುವಿನಲ್ಲಿ ಮರ ತುಂಬಿದ ಲಾರಿ ಎದುರಾಗಿ, ಆಂಬುಲೆನ್ಸ್ ಮಗುಚಿತು. ತಾಯಿ, ಮಗು ಇಬ್ಬರೂ ಉಳಿದರು, ದೇವರು ದೊಡ್ಡವನು. ಓಸ್ವಾಲ್ಡನ ತಲೆ ಬಾಗಿಲಿನ ಕಬ್ಬಿಣಕ್ಕೆ ಬಡಿದಿತ್ತು. ಗಾಯ ತಿಂಗಳಲ್ಲಿ ಮಾಯಿತು. ಆದರೆ ಆ ದಿನದ ಸೈರನ್ ಅವನ ಕಿವಿಯೊಳಗೆ ನಿಲ್ಲಲೇ ಇಲ್ಲ. ಬೆಳಿಗ್ಗೆ ಸೊಳ್ಳೆಯ ಹಾಗೆ ಸಣ್ಣಗೆ, ಸಂಜೆ ದಣಿದಾಗ ಜೀರುಂಡೆಯ ಹಾಗೆ ಜೋರಾಗಿ. ಆ ಹೊತ್ತಿನಲ್ಲಿ ಹೊರಗಿನ ಒಂದು ಸದ್ದು ಒಳಗೆ ಎರಡಾಗಿ ಕೇಳುತ್ತಿತ್ತು. ಡಾಕ್ಟರರು ವಿಚಾರಿಸಿದಾಗ, "ಎಂತ ಇಲ್ಲ, ಸರಿ ಉಂಟು" ಎಂದುಬಿಟ್ಟಿದ್ದ. ಲೈಸೆನ್ಸ್ ಹೋದರೆ ಹೆಂಡತಿ ಆನಿಗೂ ಮಕ್ಕಳಿಗೂ ಗಂಜಿ ಎಲ್ಲಿಂದ?

ಹಾಗಾಗಿ ಬಸ್ಸಿಗೆ ಬಂದ ಮೇಲೆ ಅವನು ಕಿವಿಯನ್ನು ನಂಬಲಿಲ್ಲ. ಬದಿಯ ಕನ್ನಡಿಯಲ್ಲಿ ಕಂಡಕ್ಟರ್ ತಾರಾನಾಥನ ಕೈ ನೋಡಿಯೇ ಗೇರು ಹಾಕುತ್ತಿದ್ದ.

ಆ ಶನಿವಾರ ಸಂಜೆ ಮೆಟ್ಟಿಲಲ್ಲೂ ಜನ ನೇತಾಡುತ್ತಿದ್ದರು. ಕನ್ನಡಿಯಲ್ಲಿ ಬೆನ್ನುಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಪೊರ್ಬುಗಳೇ, ಇವತ್ತು ಇದು ಬಸ್ಸಲ್ಲ, ಬಂಗುಡೆ ಮೀನಿನ ಬುಟ್ಟಿ!" ಹಿಂಬಾಗಿಲಿನಿಂದ ತಾರಾನಾಥ ಕೂಗಿದ. ಕ್ರೈಸ್ತರನ್ನು ತುಳುವರು ಕರೆಯುವ ಹಾಗೆಯೇ ಅವನೂ ಓಸ್ವಾಲ್ಡನನ್ನು ಕರೆಯುತ್ತಿದ್ದ.

ಪರ್ಕಳದಲ್ಲಿ ಜನ ಇಳಿದರು. ಎರಡು ಸೀಟಿ. ಬಸ್ಸು ಅಲುಗಿತು. ಆಗಲೇ ಮುಂಬಾಗಿಲಿನಲ್ಲಿ ಇಳಿಯುತ್ತಿದ್ದ ಮುದುಕಿ ಅಪೊಲೋನಿಯಾಳ ಸೆರಗು ಚಿಲಕಕ್ಕೆ ಸಿಕ್ಕಿತು. ತಾರಾನಾಥ ಅದನ್ನು ಕಂಡು ಒಂದೇ ಒಂದು ಸೀಟಿ ಊದಿದ.

ಓಸ್ವಾಲ್ಡನಿಗೆ ಎರಡು ಕೇಳಿತು. ಅವನು ಆಕ್ಸಿಲರೇಟರ್ ಒತ್ತಿದ.

"ಹೋಲ್ಡಾನ್! ಹೋಲ್ಡಾನ್ ಮಾರಾಯಾ, ನಿಲ್ಲಿಸು!" ಜನ ಕೂಗಿದರು.

ಬ್ರೇಕು ಕಿರುಚಿತು. ಸೆರಗು ಹರಿದು ಅಪೊಲೋನಿಯಾ ಜಲ್ಲಿಯ ಮೇಲೆ ಬಿದ್ದಿದ್ದಳು. ಮೊಣಕೈಯಿಂದ ರಕ್ತ. ಹಿಂದಿನ ಚಕ್ರ ಅವಳ ಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು.

ಅವಳನ್ನು ರಸ್ತೆ ಬದಿಯ ಅಂಗಡಿಯ ಜಗಲಿಯ ಮೇಲೆ ಕೂರಿಸಿ, ಜನ ತಾರಾನಾಥನ ಕಾಲರ್ ಹಿಡಿದರು.

"ಎಷ್ಟು ವಿಸಿಲ್ ಹಾಕಿದ್ದು ನೀನು?"

"ಒಂದೇ. ದೇವರಾಣೆ ಒಂದೇ!"

"ಒಂದಾದರೆ ಬಸ್ಸು ಹೇಗೆ ಹೋಯಿತು? ಬಸ್ಸಿಗೆ ಹುಚ್ಚಾ?"

"ಎರಡು. ನಾನೇ ಕೇಳಿದ್ದೇನೆ," ಎಂದ ಕಿಟಕಿ ಬದಿಯವನು. ಹಿರಿಯಡ್ಕದಿಂದ ಗೊರಕೆ ಹೊಡೆಯುತ್ತಿದ್ದವನು ಅವನೇ.

ತಾರಾನಾಥ ಓಸ್ವಾಲ್ಡನ ಕಡೆ ತಿರುಗಿದ. "ಪೊರ್ಬುಗಳೇ, ನೀವು ಹೇಳಿ. ನಿಮಗೆ ಎಷ್ಟು ಕೇಳಿತು?"

ಎರಡು ಎಂದರೆ ಸಾಕಿತ್ತು. ಅದು ಸುಳ್ಳೂ ಅಲ್ಲ. ಕೇಳಿದ್ದನ್ನೇ ಹೇಳಿ, ಇನ್ನೊಬ್ಬನ ಅನ್ನ ಕಳೆದು, ತನ್ನ ಸೀಟಿನಲ್ಲಿ ಕೂರಬಹುದಿತ್ತು. ಓಸ್ವಾಲ್ಡ ಸ್ಟಿಯರಿಂಗ್ ಬಿಡದೆ ಕೂತಿದ್ದ. ಅವನು ಹಾಗೆ ಕೂತಷ್ಟೂ ತಾರಾನಾಥನ ಮುಖ ಇಳಿಯುತ್ತ ಹೋಯಿತು.

"ನಾನೇ ಗಡಿಬಿಡಿಯಲ್ಲಿ ಎರಡು ಊದಿದೆನೋ ಏನೋ..." ಎಂದ, ತನಗೇ ಎಂಬಂತೆ.

ಆ ಮಾತನ್ನು ಓಸ್ವಾಲ್ಡನಿಗೆ ತಾಳಲಾಗಲಿಲ್ಲ. ಅವನು ಕೆಳಗಿಳಿದ.

"ಅವನು ಊದಿದ್ದು ಒಂದೇ. ನನಗೆ ಎರಡು ಕೇಳಿತು. ಆಂಬುಲೆನ್ಸ್ ಮಗುಚಿದಂದಿನಿಂದ ನನ್ನ ಕಿವಿ ಹೀಗೆಯೇ. ಯಾರಿಗೂ ಹೇಳಲಿಲ್ಲ."

ಜನ ತಾರಾನಾಥನ ಕಾಲರ್ ಬಿಟ್ಟರು. ಆಮೇಲೆ ಕಿಟಕಿಯವನೇ, "ಆಯಿತಲ್ಲ, ಇನ್ನು ಹತ್ತಿ. ಉಡುಪಿ ತನಕ ಮೆಲ್ಲ ಬಿಟ್ಟರಾಯಿತು," ಎಂದ. "ಹೌದೌದು, ತಡವಾಯಿತು," ಎಂದು ನಾಲ್ಕು ಮಂದಿ ದನಿಗೂಡಿಸಿದರು. ಓಸ್ವಾಲ್ಡನ ಕಾಲು ತಾನಾಗಿಯೇ ಬಸ್ಸಿನ ಕಡೆ ತಿರುಗಿತು.

"ಪುತಾ," ಜಗಲಿಯಿಂದ ಅಪೊಲೋನಿಯಾ ಅವನನ್ನು ಮಗನ ಹಾಗೆ ಕರೆದಳು. "ಚಾವಿ ಇಲ್ಲಿ ಕೊಡು."

ಕೊಟ್ಟ. ಅವಳು ಅದನ್ನು ಮುಷ್ಟಿಯಲ್ಲಿಟ್ಟು ಕೂತಳು. "ಇವತ್ತು ಇವನು ಬಸ್ಸು ಬಿಡುವುದಿಲ್ಲ. ಅವಸರ ಇದ್ದವರಿಗೆ ಹಿಂದೆ ಇನ್ನೊಂದು ಬಸ್ಸು ಉಂಟು, ಕಾಲೂ ಉಂಟು."

ಗೊಣಗುತ್ತ ಜನ ಇಳಿದರು. ತಾರಾನಾಥ ಚೀಲಗಳನ್ನು ಇಳಿಸಿಕೊಟ್ಟು, ಕೊನೆಗೆ ಜಗಲಿಯಲ್ಲಿ ಕೂತಿದ್ದ ಓಸ್ವಾಲ್ಡನ ಬಳಿ ಬಂದು ನಿಂತ.

"ಐದು ವರ್ಷ ನಿಮ್ಮ ಹಿಂದೆ ನಿಂತಿದ್ದೇನೆ. ನನಗೊಬ್ಬನಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನನ್ನ ಬಸ್ಸಿಗೆ ನೀನು ಹತ್ತುತ್ತಿದ್ದೆಯಾ?"

ತಾರಾನಾಥ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಇಲ್ಲ," ಎಂದ. ಹಾಗೆಂದು ಅವನ ಪಕ್ಕದಲ್ಲೇ ಜಗಲಿಯ ಮೇಲೆ ಕುಳಿತ.